ರೊಮಾನ್ಯ ಪ್ರಾಂತದಲ್ಲಿ ಎಂಟು ದಿನ

ಇಟಲಿಯೆಂದೊಡನೆ ನಮ್ಮವರ ಮನಸ್ಸಿಗೆ ಬರುವುವು ರೋಮಾಪುರಿಯ ಭಗ್ನಾವಶೇಷಗಳು, ವೆನಿಸಿನ ಕಾಲುವೆಗಳು, ಪೀಸಾ ನಗರದ ವಾಲಿದ ಗೋಪುರ. ಏಳು ದಿವಸಗಳಲ್ಲಿ ಐದು ಪಟ್ಟಣಗಳನ್ನು ಸುತ್ತಿಸಿ, ಪ್ರತಿಯೊಂದರ ಮುಂದೆಯೂ ಭಾವಚಿತ್ರ ತೆಗೆಯಿಸಿ ಹಿಂದಕ್ಕೆ ಕಳುಹಿಸಿಕೊಡುವ ಪ್ರವಾಸಗಳು ಬೇಕಾದಷ್ಟುಂಟು. ನಾವು ಈಗ ವಾಚಕರ ಮುಂದಿಡುವುದು ಅಂಥ ಪ್ರವಾಸದ ವೃತ್ತಾಂತವಲ್ಲ. ಕಳೆದ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ನಾವು ಎಂಟು ದಿನ ಆ ದೇಶದಲ್ಲಿದ್ದು, ರೋಮನ್ನೂ ನೋಡದೆ ವೆನಿಸನ್ನೂ ನೋಡದೆ, ಒಂದೇ ಒಕ್ಕಲುಮನೆಯಲ್ಲಿ ಬಿಡಾರ ಮಾಡಿ, ಹಿಟ್ಟು, ಮಣ್ಣು, ಹಾಲು, ಬಟ್ಟೆ ಇವು ಅಲ್ಲಿಯ ಹಳ್ಳಿಗರ ಕೈಯಲ್ಲಿ ಏನಾಗುವುವೆಂಬುದನ್ನು ನೋಡಿ ಬಂದೆವು.

ಮಿಲಾನ್ ನಗರದಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗಳು ನಮ್ಮ ನಿವೃತ್ತಿಯ ಕಾಣಿಕೆಯೆಂದು ಈ ಏರ್ಪಾಡನ್ನು ಮಾಡಿದ್ದಳು. ನಾವು ಮೊದಲು ಒಪ್ಪಲಿಲ್ಲ. “ರೊಟ್ಟಿ ಮಾಡುವುದನ್ನು ನೋಡುವುದಕ್ಕೆ ಸಮುದ್ರ ದಾಟಬೇಕೇ?” ಎಂದು ಕೇಳಿದೆವು. “ನೀವು ಮನೆಯಲ್ಲಿ ಎಂದು ನೋಡಿದ್ದೀರಿ?” ಎಂದರು ನಮ್ಮ ಗೃಹಿಣಿಯವರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲವಾದುದರಿಂದ ಹೊರಟೆವು.

ಇಂಥ ಸಾವಕಾಶ ಪ್ರವಾಸಗಳ ಹಿಂದೆ ಒಂದು ಚಳವಳಿಯ ಇತಿಹಾಸವುಂಟು. 1986ರಲ್ಲಿ ರೋಮಿನ ಪ್ರಸಿದ್ಧವಾದ ಸ್ಪ್ಯಾನಿಷ್ ಸೋಪಾನಗಳ ಬಳಿ ಅಮೆರಿಕೆಯ ಮಾದರಿಯ ಅವಸರದ ಭೋಜನಶಾಲೆಯೊಂದು ತೆರೆದಾಗ ಜನರು ಪ್ರತಿಭಟಿಸಿದರು. ಪೀಡ್ಮಾಂಟ್ ಪ್ರಾಂತದ ಬ್ರಾ ಎಂಬ ಊರಿನವರಾದ ಕಾರ್ಲೊ ಪೆಟ್ರೀನಿ ಎಂಬವರು ಆ ಅಸಮಾಧಾನಕ್ಕೆ ರೂಪ ಕೊಟ್ಟು ‘ಸ್ಲೋ ಫುಡ್’ ಎಂಬ ಸಂಘವನ್ನು ಬೆಳೆಸಿದರು. 1989ರಲ್ಲಿ ಪ್ಯಾರಿಸಿನಲ್ಲಿ ಅದರ ಘೋಷಣಾಪತ್ರ ಹೊರಬಿದ್ದಿತು. ಬಸವನಹುಳು ಅದರ ಲಾಂಛನ. ಅಡುಗೆಗೆ ಹುಟ್ಟಿದ ಈ ವಿಚಾರವು ತರುವಾಯ ಪ್ರಯಾಣಕ್ಕೂ ಹಬ್ಬಿತು.

ನಮ್ಮದು ಎಂಟು ಜನರ ತಂಡ. ನಾವಿಬ್ಬರು; ಹಾಲೆಂಡಿನ ದಂಪತಿಗಳು; ಸ್ಕಾಟ್ಲೆಂಡಿನ ವೃದ್ಧ ಸಹೋದರಿಯರಿಬ್ಬರು; ಕೆನಡಾದ ನಿವೃತ್ತ ವೈದ್ಯರೊಬ್ಬರು ಮತ್ತು ಅವರ ಮಗಳು. ಇವರಲ್ಲದೆ, ಆ ಸೀಮೆಯಲ್ಲಿಯೇ ಹುಟ್ಟಿ ಬೆಳೆದ ತರುಣಿಯೊಬ್ಬಳು ಮಾರ್ಗದರ್ಶಿನಿಯಾಗಿಯೂ ದುಭಾಷಿಯಾಗಿಯೂ ಇದ್ದಳು. ದಿನಕ್ಕೆ ಒಂದೇ ಕೆಲಸ, ಒಂದೇ ಊರು ಎಂಬುದು ನಿಯಮ.

ರೊಮಾನ್ಯವೆಂಬುದು ಅಪೆನ್ನೈನ್ ಪರ್ವತಗಳಿಗೂ ಏಡ್ರಿಯಾಟಿಕ್ ಸಮುದ್ರಕ್ಕೂ ನಡುವೆ ಇರುವ ಸೀಮೆ. ರಿಮಿನಿ ಪಟ್ಟಣದಲ್ಲಿ ರೈಲಿನಿಂದಿಳಿದು ದ್ರಾಕ್ಷಿಯ ತೋಟಗಳ ನಡುವೆ ಗುಡ್ಡಗಳ ಕಡೆಗೆ ಹೋಗುತ್ತಿರಲು, ನಮ್ಮ ವಾಹನವು ಸಣ್ಣ ಸೇತುವೆಯೊಂದರ ಬಳಿ ನಿಂತಿತು. ಕೆಳಗೆ ನಮ್ಮ ಊರಿನ ಹಳ್ಳದಷ್ಟು ನೀರು. ಅದೇ ರೂಬಿಕನ್ ನದಿ! ಕ್ರಿ.ಪೂ. 49ರಲ್ಲಿ ಜೂಲಿಯಸ್ ಸೀಸರನು ಸೇನಾಸಮೇತನಾಗಿ ದಾಟಿ ಅಂತರ್ಯುದ್ಧಕ್ಕೆ ಮೊದಲು ಮಾಡಿದ ಹೊಳೆ. ಆ ಹೆಸರಿನ ಹೊಳೆ ಯಾವುದೆಂದು ವಿದ್ವಾಂಸರು ಬಹುಕಾಲ ವಾದಿಸುತ್ತಿರಲು, 1933ರಲ್ಲಿ ಮುಸೊಲಿನಿಯ ಸರ್ಕಾರವು ಫ್ಯೂಮಿಚೀನೊ ಎಂಬ ಈ ಹೊಳೆಗೆ ರೂಬಿಕನ್ನಿನ ಹೆಸರನ್ನು ಆಜ್ಞಾಪೂರ್ವಕವಾಗಿ ಕೊಟ್ಟಿತಂತೆ. ಸಂಸ್ಕೃತದೊಡನೆ ಇತಿಹಾಸವನ್ನೂ ಕಲಿಸುತ್ತಿದ್ದ ನಾವು ಎಷ್ಟೋ ವರ್ಷ ಅದನ್ನು ಕೃಷ್ಣೆಯಷ್ಟು ದೊಡ್ಡದೆಂಬಂತೆ ವರ್ಣಿಸಿದ್ದೆವು. ಆ ವಿದ್ಯಾರ್ಥಿಗಳ ಕ್ಷಮೆಯನ್ನು ಇಲ್ಲಿಯೇ ಬೇಡುತ್ತೇವೆ.

ಮರುದಿನ ಬೆಳಗ್ಗೆ ನಮ್ಮ ಬಿಡಾರದ ಯಜಮಾನಿ ಎಲ್ಲರನ್ನೂ ಅಡುಗೆಮನೆಗೆ ಕರೆದಳು. ಆಕೆಗೆ ಸುಮಾರು ಎಪ್ಪತ್ತು ವರ್ಷ. ಮನೆಯ ಆಡಳಿತವನ್ನು ನಡೆಸುವ ಹೆಂಗಸಿಗೆ ಆ ಸೀಮೆಯಲ್ಲಿ ‘ಆಜ್ದೋರ’ ಎಂದು ಹೆಸರು. ಆಳುವುದೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. ಆ ಧಾತುವೂ ನಮ್ಮ ‘ರಾಜನ್’ ಶಬ್ದವೂ ಒಂದೇ ಮೂಲದವೆಂಬುದನ್ನು ಬಲ್ಲ ನಮಗೆ, ಕೈಯಲ್ಲಿ ಲಟ್ಟಣಿಗೆ ಹಿಡಿದು ನಿಂತ ಆಕೆ ದಂಡಧಾರಿಣಿಯಾದ ರಾಣಿಯಂತೆಯೇ ಕಂಡಳು.

ಅಂದಿನ ಪಾಠ ‘ಪಿಯಾದೀನ’ ಎಂಬ ರೊಟ್ಟಿ. ಗೋಧಿಯ ಹಿಟ್ಟು, ನೀರು, ಉಪ್ಪು, ಹಂದಿಯ ಕೊಬ್ಬು ಅಥವಾ ಆಲಿವ್ ಎಣ್ಣೆ, ಇಷ್ಟೇ ಸಾಮಗ್ರಿ. ನಾವು ಶಾಕಾಹಾರಿಗಳೆಂದು ಮೊದಲೇ ತಿಳಿಸಿದ್ದುದರಿಂದ ಆಕೆ ಎಲ್ಲರಿಗೂ ಎಣ್ಣೆಯ ಹಿಟ್ಟನ್ನೇ ನಾದಿದಳು. ರಿಮಿನಿಯ ಕಡೆ ಈ ರೊಟ್ಟಿ ತೆಳ್ಳಗೆ ಅಗಲವಾಗಿಯೂ, ಉತ್ತರಕ್ಕೆ ಫೊರ್ಲಿಯ ಕಡೆ ದಪ್ಪವಾಗಿ ಚಿಕ್ಕದಾಗಿಯೂ ಇರುವುದು. ಒಂದು ಕಡೆಯವರು ಇನ್ನೊಂದು ಕಡೆಯವರದನ್ನು ಹಾಸ್ಯ ಮಾಡುವರು. ನಮ್ಮ ಧಾರವಾಡದ ಪೇಡೆಗೆ ದೊರೆತಿರುವಂಥ ಭೌಗೋಳಿಕ ಮನ್ನಣೆ ಇದಕ್ಕೆ 2014ರಲ್ಲಿ ಯೂರೋಪಿನಲ್ಲಿ ದೊರೆಯಿತು.

ಒಬ್ಬೊಬ್ಬರೂ ಸರದಿಯಂತೆ ಲಟ್ಟಿಸಿದೆವು. ಹಾಲೆಂಡಿನವರ ರೊಟ್ಟಿ ದ್ವೀಪಕಲ್ಪವಾಯಿತು, ನಮ್ಮದು ಹರಿಯಿತು. ನಮ್ಮ ಗೃಹಿಣಿಯವರು ನಾಲ್ಕು ಸಲ ಕೈ ಆಡಿಸುವುದರೊಳಗೆ ಚಂದ್ರಬಿಂಬದಂಥ ರೊಟ್ಟಿ ಎದ್ದಿತು. ಆಜ್ದೋರ ಏನನ್ನೂ ಹೇಳದೆ ಇವರ ಎರಡು ಕೈಗಳನ್ನೂ ಹಿಡಿದು, ಅಂಗೈ ಮೇಲೆ ಮಾಡಿ, ಬೆರಳಿನ ಬುಡದ ಗಂಟುಗಳನ್ನು ನೋಡಿ, ತನ್ನ ಕೈಯನ್ನು ಪಕ್ಕದಲ್ಲಿಟ್ಟು ತೋರಿಸಿದಳು. ಅಲ್ಲಿಂದ ಮುಂದೆ ಇಬ್ಬರಿಗೂ ದುಭಾಷಿ ಬೇಕಾಗಲಿಲ್ಲ. ಹೊಲದ ಬದುವಿನಿಂದ ಕಿತ್ತು ತಂದ ಬೆರಕೆ ಸೊಪ್ಪನ್ನು ಬೇಯಿಸಿ ಹಿಂಡಿ, ಬೆಳ್ಳುಳ್ಳಿಯ ಒಗ್ಗರಣೆ ಹಾಕಿ, ಅದೇ ರೊಟ್ಟಿಯೊಳಗೆ ಮಡಿಸಿ ಸುಟ್ಟು ಮಾಡುವ ಭಕ್ಷ್ಯಕ್ಕೆ ‘ಕಸ್ಸೋನೆ’ ಎಂದು ಹೆಸರು. ಇಬ್ಬರೂ ಕೂಡಿ ಹದಿನಾರು ಮಾಡಿದರು. ಒಂದೂ ಉಳಿಯಲಿಲ್ಲ.

ಒಲೆಯ ಮೇಲಿದ್ದುದು ಕಬ್ಬಿಣದ ಕಾವಲಿಯಲ್ಲ, ಮಣ್ಣಿನ ಹಂಚು. ಅದನ್ನು ಕಂಡೊಡನೆ ಗೃಹಿಣಿಯವರು ನಮ್ಮ ಕಡೆ ಒಮ್ಮೆ ನೋಡಿದರು. ಅದರ ಕಾರಣವನ್ನು ಹೇಳಿಬಿಡುವುದು ಯುಕ್ತ. ನಮ್ಮ ತಾಯಿಯವರ ಕಾಲದ ಮಣ್ಣಿನ ಹಂಚು ನಮ್ಮ ಮನೆಯಲ್ಲಿಯೂ ಇತ್ತು. ಹೊಸ ಮನೆ ಕಟ್ಟಿಸಿದಾಗ, ಹೊಗೆ ಹಿಡಿದ ಆ ವಸ್ತು ಹೊಸ ಅಡುಗೆಮನೆಗೆ ಒಪ್ಪದೆಂದು ಹಿತ್ತಲಿಗೆ ಹಾಕಿಸಿ, ಅಂಟದ ಲೇಪವುಳ್ಳ ಕಾವಲಿಯೊಂದನ್ನು ಪೇಟೆಯಿಂದ ತಂದುಕೊಟ್ಟವರು ನಾವೇ. ಅಂದು ಇವರು ಏನೂ ಹೇಳಿರಲಿಲ್ಲ. ಇಂದೂ ಏನೂ ಹೇಳಲಿಲ್ಲ.

ಆ ಹಂಚು ಹುಟ್ಟುವ ಊರು ಮೊಂತೆತಿಫ್ಫಿ. ಮೂರನೆಯ ದಿನ ಅಲ್ಲಿಗೆ ಹೋದೆವು. ಬಂಡೆಯ ನೆತ್ತಿಯ ಮೇಲೆ ಹನ್ನೊಂದನೆಯ ಶತಮಾನದ ಮಠವೊಂದು, ಅದರ ಬುಡದಲ್ಲಿ ಕೆಲವು ಮನೆಗಳು, ಇಷ್ಟೇ ಊರು. ಎರಡು ಬಗೆಯ ಜೇಡಿಮಣ್ಣನ್ನು ಬೆರೆಸಿ, ಅದಕ್ಕೆ ಕ್ಯಾಲ್ಸೈಟ್ ಎಂಬ ಸುಣ್ಣದ ಕಲ್ಲಿನ ಪುಡಿಯನ್ನು ಕಲಸುವರು. ಬರಿಯ ಮಣ್ಣಿನ ತಟ್ಟೆ ಉರಿಯ ಮೇಲೆ ಸೀಳಿಹೋಗುವುದು. ಈ ಕಲ್ಲಿನ ಕಣಗಳು ಬೆರೆತರೆ ಅದು ಶಾಖವನ್ನು ತಾಳಿಕೊಳ್ಳುವುದು. ತಿಗರಿಯ ಮೇಲೆ ಹಂಚು ಎದ್ದುಬರುವುದಕ್ಕೆ ಕೆಲವೇ ನಿಮಿಷಗಳು ಸಾಕು, ಒಣಗುವುದಕ್ಕೆ ದಿನಗಳು ಬೇಕು. ಬಿಸಿಲಿಗಿಟ್ಟು ಬೇಗ ಒಣಗಿಸಿದರೆ ಅಂಚು ಏಳುವುದು. ಮಳೆಗಾಲದಲ್ಲಿ ಅವಸರಪಟ್ಟರೆ ಆವಿಗೆಯಲ್ಲಿ ಒಡೆಯುವುದು.

ಹಿಂದೆ ಅನೇಕ ಮನೆಗಳಲ್ಲಿ ನಡೆಯುತ್ತಿದ್ದ ಈ ಕೆಲಸ ಈಗ ಬೆರಳೆಣಿಕೆಯ ಕೈಗಳಲ್ಲಿದೆ. ಕಸುಬಿನ ಮನೆತನದಲ್ಲಿ ಹುಟ್ಟದವರು ಮುದುಕ ಕುಂಬಾರನ ಬಳಿ ಕುಳಿತು ಕಲಿತದ್ದರಿಂದ ಅದು ಉಳಿಯಿತೆಂದು ಅಲ್ಲಿ ಹೇಳಿದರು. ಎಷ್ಟು ದಿನದಲ್ಲಿ ಕಲಿಯಬಹುದೆಂದು ನಾವು ಕೇಳಿದೆವು. ಮಣ್ಣು ಮೆತ್ತಿದ ಕೈಯನ್ನು ಒರಸಿಕೊಳ್ಳುತ್ತಾ ಕೆಲಸಗಾರರು ನಕ್ಕರು, ಉತ್ತರ ಕೊಡಲಿಲ್ಲ. ನಮಗೆ ನಮ್ಮ ತರಗತಿಯ ನೆನಪಾಯಿತು. ನಾವು ಬಾಲ್ಯದಲ್ಲಿ ಅಜ್ಜನವರ ಎದುರಿಗೆ ಕುಳಿತು ಅಮರಕೋಶವನ್ನು ಮೂರು ವರ್ಷ ಬಾಯಿಪಾಠ ಮಾಡಿದವರು. ನಮ್ಮ ವಿದ್ಯಾರ್ಥಿಗಳಿಗೆ ನಾವು ಕೊಟ್ಟುದು ಪರೀಕ್ಷೆಗೆ ಸಾಕಾಗುವ ನಾಲ್ಕು ಹಾಳೆಗಳ ಟಿಪ್ಪಣಿ. ಅವರು ಒಳ್ಳೆಯ ಅಂಕಗಳನ್ನು ಪಡೆದರು. ಅವರಲ್ಲಿ ಇಂದು ಸಂಸ್ಕೃತವನ್ನು ಓದುವವರು ಒಬ್ಬರಾದರೂ ಇರುವರೆಂದು ಹೇಳುವ ಧೈರ್ಯ ನಮಗಿಲ್ಲ. ಒಂದು ಹಂಚನ್ನು ಕೊಂಡು, ಹುಲ್ಲಿನಲ್ಲಿ ಸುತ್ತಿಸಿಕೊಂಡೆವು.

ನಾಲ್ಕನೆಯ ದಿನ ಆ ಸೀಮೆಯ ದೊಡ್ಡ ಊರಾದ ಸೊಲ್ಯಾನೊಗೆ ಹೋದೆವು. ಅಲ್ಲಿ ಮನೆಗಳ ಕೆಳಗೆ ಮೃದುವಾದ ಬಂಡೆಯನ್ನು ಕೊರೆದ ಗುಂಡಿಗಳುಂಟು. ಹಿಂದೆ ಅವುಗಳಲ್ಲಿ ಧಾನ್ಯವನ್ನು ತುಂಬಿಡುತ್ತಿದ್ದರಂತೆ. ಇಳಿದು ನೋಡಿದೆವು: ಬಾಯಿ ಕಿರಿದು, ಒಡಲು ಅಗಲ, ಸಾಕ್ಷಾತ್ ನಮ್ಮ ಬಯಲುಸೀಮೆಯ ಹಗೇವು! ಈಗ ಅವುಗಳಲ್ಲಿ ಚೀಸನ್ನು ಹೂಳುವರು. ಮೊದಲು ಒಳಗೆ ಹುಲ್ಲು ಉರಿಸಿ ಆರ್ದ್ರತೆಯನ್ನು ಕಳೆದು, ಗೋಡೆಗೆ ಹುಲ್ಲು ಹೊದಿಸಿ, ಬಟ್ಟೆಯ ಚೀಲಗಳಲ್ಲಿ ಕಟ್ಟಿದ ಚೀಸನ್ನು ಆಗಸ್ಟಿನಲ್ಲಿ ತುಂಬಿ ಬಾಯಿಯನ್ನು ಮುಚ್ಚಿ ಮೆತ್ತಿಬಿಡುವರು. ತೆರೆಯುವುದು ನವೆಂಬರ್ 25ರ ಸಂತ ಕ್ಯಾಥರೀನಳ ಹಬ್ಬದ ವೇಳೆಗೆ. ನಡುವೆ ಯಾರೂ ತೆರೆದು ನೋಡುವ ಹಾಗಿಲ್ಲ.

ಗುಂಡಿಯ ಒಡೆಯನು ಹಿಂದಿನ ವರ್ಷದ್ದೊಂದು ತುಂಡನ್ನು ಕೊಯ್ದು, ಅತಿಥಿಗಳಲ್ಲಿ ಹಿರಿಯರೆಂದು ನಮಗೇ ಮೊದಲು ನೀಡಿದನು. ಅದರ ಹಾಲನ್ನು ಒಡೆಸುವುದಕ್ಕೆ ಎಳಗರುವಿನ ಜಠರದಿಂದ ತೆಗೆದ ದ್ರವ್ಯವನ್ನು ಬಳಸುವರೆಂದು ಮಗಳು ಮೊದಲೇ ಎಚ್ಚರಿಸಿದ್ದಳು. ಚಾಚಿದ ಕೈ ಹಾಗೆಯೇ ಇತ್ತು, ಎಲ್ಲರೂ ನೋಡುತ್ತಿದ್ದರು. ತಿಂದರೆ ವ್ರತಭಂಗ, ಬಿಟ್ಟರೆ ಆತಿಥ್ಯಭಂಗ. ನಾವು ಎರಡು ಕೈ ಜೋಡಿಸಿ, ಕಾರಣವನ್ನು ದುಭಾಷಿಯಿಂದ ಹೇಳಿಸಿದೆವು. ಆತನ ಮುಖ ಒಂದು ಕ್ಷಣ ಬಾಡಿತು. ಬಳಿಕ ಒಳಗೆ ಹೋಗಿ ಒಂದು ಸೀಸೆಯನ್ನು ತಂದನು. ದ್ರಾಕ್ಷಿಯ ರಸವನ್ನು ಕುದಿಸಿ ಕುದಿಸಿ ಗಟ್ಟಿ ಮಾಡಿದ ‘ಸಾಬಾ’ ಎಂಬ ಪಾಕ. ಬಣ್ಣದಲ್ಲಿಯೂ ಹದದಲ್ಲಿಯೂ ನಮ್ಮ ಜೋನಿಬೆಲ್ಲವೇ. ರೊಟ್ಟಿಗೆ ಸವರಿಕೊಂಡು ತಿಂದೆವು. ಆತನು ಎದುರಿಗೆ ಕುಳಿತು, ನಾವು ಮುಗಿಸುವ ತನಕ ಏಳಲಿಲ್ಲ.

ಒಂದು ದಿನ ದ್ರಾಕ್ಷಿ ಬಿಡಿಸುವ ಕೆಲಸದಲ್ಲಿ ಕಳೆಯಿತು. ಆರನೆಯ ದಿನ ಸಾಂತಾರ್ಕಾಂಜೆಲೊ ಎಂಬ ಗುಡ್ಡದ ಊರಿನಲ್ಲಿ ಬಟ್ಟೆಯ ಅಚ್ಚಿನ ಮನೆಯನ್ನು ನೋಡಿದೆವು. ಪೇರ್ ಮರದಲ್ಲಿ ಕೆತ್ತಿದ ಅಚ್ಚು, ಬಣ್ಣಕ್ಕೆ ಕಬ್ಬಿಣದ ತುಕ್ಕು! ತುಕ್ಕನ್ನು ದ್ರಾಕ್ಷಿಯ ಹುಳಿಯಲ್ಲಿ ಕಲಸಿ ಹಿಟ್ಟು ಬೆರೆಸಿದರೆ ಕಂದುಬಣ್ಣದ ಸರಿಯಾಗುವುದು. ಅಚ್ಚನ್ನು ಅದರಲ್ಲಿ ಅದ್ದಿ ಬಟ್ಟೆಯ ಮೇಲಿಟ್ಟು ಕೊಡತಿಯಿಂದ ಹೊಡೆಯುವರು. ದ್ರಾಕ್ಷಿಯ ಗೊಂಚಲು, ಹುಂಜ, ಗೋಧಿಯ ತೆನೆ ಇವೇ ಚಿತ್ರಗಳು. ಬಟ್ಟೆಯನ್ನು ನುಣುಪು ಮಾಡುವ ಯಂತ್ರವು 1633ರದು. ಆಳೆತ್ತರಕ್ಕೂ ಮೀರಿದ ಮರದ ಚಕ್ರದೊಳಗೆ ಮನುಷ್ಯನು ನಡೆದರೆ, ಬಟ್ಟೆ ಸುತ್ತಿದ ಉರುಳೆಗಳ ಮೇಲೆ ಮಹಾಭಾರವು ಹಿಂದಕ್ಕೂ ಮುಂದಕ್ಕೂ ಚಲಿಸುವುದು. ದನಕರುಗಳನ್ನು ಕಾಯುವ ಸಂತ ಅಂತೋನಿಯ ಚಿತ್ರವನ್ನು ಹೊದಿಕೆಗಳ ಮೇಲೆ ಅಚ್ಚೊತ್ತಿ ಎತ್ತುಗಳಿಗೆ ಹೊದಿಸುತ್ತಿದ್ದರಂತೆ. ಎತ್ತುಗಳು ಈಗ ಇಲ್ಲ. ಆ ಹೊದಿಕೆಗಳು ಗೋಡೆಗಳ ಮೇಲಿವೆ.

ಏಳನೆಯ ದಿನ ಫೊರ್ಲಿಂಪೊಪೊಲಿಗೆ ಹೋದೆವು. ಇಟಲಿಯ ಮನೆಮನೆಯ ಪಾಕಶಾಸ್ತ್ರವೆನಿಸಿದ ಗ್ರಂಥವನ್ನು ಬರೆದ ಪೆಲ್ಲೆಗ್ರೀನೊ ಅರ್ತೂಸಿ 1820ರಲ್ಲಿ ಹುಟ್ಟಿದ ಊರಿದು. ಪ್ರಕಾಶಕರು ಒಲ್ಲೆನೆಂದುದರಿಂದ 1891ರಲ್ಲಿ ಅವರು ತಮ್ಮ ಹಣದಿಂದಲೇ ಪುಸ್ತಕವನ್ನು ಅಚ್ಚುಹಾಕಿಸಿದರು. ಓದಿದ ಗೃಹಿಣಿಯರು ತಮ್ಮ ತಮ್ಮ ಮನೆಯ ಪಾಕಗಳನ್ನು ಬರೆದು ಕಳುಹಿಸಲು, ಆವೃತ್ತಿಯಿಂದ ಆವೃತ್ತಿಗೆ ಅದು ಬೆಳೆಯಿತು. 1911ರಲ್ಲಿ ತೀರಿಕೊಂಡಾಗ ಅವರು ಗ್ರಂಥದ ಹಕ್ಕನ್ನು ತಮ್ಮ ಮನೆಗೆಲಸದಾಕೆ ಮರಿಯೆತ್ತಳಿಗೂ ಅಡುಗೆಯವನಿಗೂ ಬರೆದಿಟ್ಟಿದ್ದರು. ಅವರ ಹೆಸರಿನ ಪಾಕಶಾಲೆಯಲ್ಲಿ ಈಗ ಕಲಿಸುವ ಹೆಂಗಸರನ್ನು ಆ ಮರಿಯೆತ್ತಳ ಹೆಸರಿನಿಂದಲೇ ಕರೆಯುವರು. ಇದನ್ನು ಕೇಳಿ ನಮ್ಮ ಗೃಹಿಣಿಯವರಿಗೆ ಬಹಳ ಸಂತೋಷವಾಯಿತು.

ಅಲ್ಲಿಂದ ಫೊರ್ಲಿ ಸಮೀಪ. ಅಲ್ಲೊಂದು ಸ್ಥಳವನ್ನು ನೋಡಬೇಕೆಂದು ನಾವೇ ಕೇಳಿಕೊಂಡಿದ್ದೆವು. ಎರಡನೆಯ ಮಹಾಯುದ್ಧದಲ್ಲಿ ಇಟಲಿಯಲ್ಲಿ ಹೋರಾಡಿ ಮಡಿದ ಭಾರತೀಯ ಸೈನಿಕರ ಸ್ಮಶಾನವದು. ಸುಮಾರು 500 ಸಮಾಧಿಗಳು. ಅಗ್ನಿಸಂಸ್ಕಾರ ಹೊಂದಿದ 700ಕ್ಕೂ ಮಿಕ್ಕ ಯೋಧರ ಹೆಸರುಗಳುಳ್ಳ ಸ್ಮಾರಕ. ನಮ್ಮ ಬೆಳಗಾವಿಯನ್ನು ಕೇಂದ್ರವಾಗಿ ಉಳ್ಳ ಮರಾಠಾ ಪದಾತಿದಳದವರು ಈ ಸೀಮೆಯಲ್ಲಿ ಯುದ್ಧ ಮಾಡಿದವರು. ಆ ದಳದ ಸಿಪಾಯಿ ನಾಮದೇವ ಜಾಧವನು 1945ರ ಏಪ್ರಿಲ್ 9ರಂದು ಇಲ್ಲಿಯ ಸೆನಿಯೊ ನದಿಯ ದಡದಲ್ಲಿ, ಗಾಯಗೊಂಡ ಸಂಗಡಿಗರನ್ನು ಗುಂಡಿನ ಮಳೆಯ ನಡುವೆ ನೀರು ದಾಟಿಸಿ ವಿಕ್ಟೋರಿಯಾ ಕ್ರಾಸ್ ಪಡೆದನು. ಹೆಸರುಗಳನ್ನು ಒಂದೊಂದಾಗಿ ಓದುತ್ತಾ ಹೋದೆವು. ಸ್ಕಾಟ್ಲೆಂಡಿನ ಸಹೋದರಿಯರು ಕೈಚೀಲದಿಂದ ಹೂ ತೆಗೆದು ಇಟ್ಟರು. ತಮ್ಮ ತಂದೆಯೂ ಈ ಯುದ್ಧದಲ್ಲಿದ್ದನೆಂದು ಅಂದೇ ನಮಗೆ ಹೇಳಿದರು. ಆರು ದಿನ ಒಂದೇ ಪಂಕ್ತಿಯಲ್ಲಿ ಉಂಡಿದ್ದರೂ ಅದುವರೆಗೆ ಆ ಮಾತು ಬಂದಿರಲಿಲ್ಲ.

ಎಂಟನೆಯ ದಿನ ಹೊರಟೆವು. ಆಜ್ದೋರ ತನ್ನ ಲಟ್ಟಣಿಗೆಯೊಂದನ್ನು ನಮ್ಮ ಗೃಹಿಣಿಯವರಿಗೆ ಕೊಟ್ಟಳು. ಇವರು ತಮ್ಮ ಇಳಕಲ್ ಸೀರೆಯೊಂದನ್ನು ಆಕೆಗೆ ಕೊಟ್ಟರು. ಲಟ್ಟಣಿಗೆ ಕ್ಷೇಮವಾಗಿ ಬಂದಿತು. ಹಂಚು ಬರಲಿಲ್ಲ. ವಿಮಾನದ ಸಾಮಾನಿನಲ್ಲಿ ಯಾರ ಕೈಯಿಂದ ಬಿದ್ದಿತೋ, ಮನೆಯಲ್ಲಿ ಬಿಚ್ಚಿದಾಗ ಹುಲ್ಲಿನ ನಡುವೆ ಐದು ಹೋಳುಗಳಿದ್ದವು.

ಗೃಹಿಣಿಯವರು ಆಗ ಮಾತ್ರ ಬಾಯಿ ತೆರೆದು, “ಖಾನಾಪುರ ಎಷ್ಟು ದೂರ?” ಎಂದರು. ಅಲ್ಲಿಯ ಮಣ್ಣು ಕುಂಬಾರಿಕೆಗೆ ಹೆಸರಾದದ್ದೆಂಬುದನ್ನು ನಮ್ಮ ಜಿಲ್ಲೆಯವರೆಲ್ಲ ಬಲ್ಲರು. ಮರುವಾರವೇ ಹೋದೆವು. ವೃದ್ಧ ಕುಂಬಾರನೊಬ್ಬನು ಹೋಳುಗಳನ್ನು ಕೈಯಲ್ಲಿ ಹಿಡಿದು, ಮುರಿದ ಅಂಚನ್ನು ಉಗುರಿನಿಂದ ಕೆರೆದು, “ಕಲ್ಲಿನ ಪುಡಿ ಹಾಕ್ಯಾರ” ಎಂದು ತಾನೇ ಹೇಳಿದನು. ರೊಟ್ಟಿಯ ಹಂಚನ್ನು ಮಾಡಿ ಹದಿನೈದು ವರ್ಷವಾಯಿತೆಂದನು. ಕೇಳುವವರಿಲ್ಲ, ಹೂಕುಂಡಗಳನ್ನು ಮಾಡುತ್ತಿರುವನು. ಒಂದೇ ಹಂಚಿಗಾಗಿ ಆವಿಗೆ ಹಚ್ಚುವುದಾಗದು. ಇಪ್ಪತ್ತಾದರೂ ಬೇಕು ಎಂದನು.

ಅಂದಿನಿಂದ ನಾವು ಸಂಜೆಯ ಹೊತ್ತು ಬೀದಿಯ ಮನೆಗಳಿಗೆ ಹೋಗಿ ಕೇಳುತ್ತಿದ್ದೇವೆ. ಕೆಲವರು ನಗುವರು, ಕೆಲವು ಮುದುಕಿಯರು ಮಾತು ಮುಗಿಯುವುದಕ್ಕೆ ಮುಂಚೆ ಒಪ್ಪುವರು. ಇದನ್ನು ಬರೆಯುವ ಹೊತ್ತಿಗೆ ಹನ್ನೊಂದು ಮನೆಗಳಾಗಿವೆ. ಇನ್ನೂ ಒಂಬತ್ತು ಬೇಕು.