ಕಾಬೂಲಿನಿಂದ ಬಂದವರಲ್ಲಿ ನಾನೊಬ್ಬ

(1842ರ ಜನವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಕಾಬೂಲ್ ಬಿಟ್ಟು ಹೊರಟಿತು. ಆ ದಾರಿಯಲ್ಲಿ ಬದುಕುಳಿದ, ಹೆಸರು ದಾಖಲಾಗದ ಹಿಂದೂಸ್ತಾನದ ಸಿಪಾಯಿಗಳಲ್ಲಿ ಒಬ್ಬನ ದನಿಯಲ್ಲಿ ಬರೆದದ್ದು.)

ನಮ್ಮದು ಅವಧ್ ಸೀಮೆಯ ಹಳ್ಳಿ. ಇದ್ದ ಹೊಲ ಎಲ್ಲರ ಹೊಟ್ಟೆಗೆ ಸಾಲುತ್ತಿರಲಿಲ್ಲ. ಅದಕ್ಕೆ ಪ್ರತಿ ತಲೆಮಾರಿನಲ್ಲೂ ಮನೆಯ ಒಬ್ಬ ಗಂಡಸು ಕಂಪನಿಯ ಪಲ್ಟನ್ನಿಗೆ ಹೋಗುತ್ತಿದ್ದ. 1826ರಲ್ಲಿ ಭರತಪುರದ ಕೋಟೆ ಬಿದ್ದಾಗ ನಮ್ಮಪ್ಪ ಅಲ್ಲಿದ್ದ. ತಿಂಗಳಿಗೆ 7 ರೂಪಾಯಿ ಸಂಬಳ. ಸಂಬಳಕ್ಕಿಂತ ಹೆಚ್ಚಿನದು ಇನ್ನೊಂದಿತ್ತು. ಮನೆಯಲ್ಲಿ ಸಿಪಾಯಿ ಇದ್ದರೆ ಜಮೀನಿನ ತಕರಾರನ್ನು ಲಖನೌದಲ್ಲಿದ್ದ ಕಂಪನಿಯ ರೆಸಿಡೆಂಟರವರೆಗೆ ಒಯ್ಯಬಹುದಿತ್ತು. ನವಾಬರ ಕಡೆಯ ವಸೂಲಿಯವರು ಅಂಥ ಮನೆಯ ತಂಟೆಗೆ ಬರಲು ಹಿಂದೆಮುಂದೆ ನೋಡುತ್ತಿದ್ದರು. ಅಪ್ಪನ ನಂತರ ನಾನು ಸೇರಿದೆ. ನನ್ನದು 54ನೇ ಪಲ್ಟನ್.

ನಾವು ಕಾಬೂಲ್ ಮುಟ್ಟುವ ಹೊತ್ತಿಗೆ ಕಂಪನಿಯವರು ಶಾ ಶುಜಾನನ್ನು ಅಲ್ಲಿಯ ಗದ್ದುಗೆಯ ಮೇಲೆ ಕೂರಿಸಿ ಆಗಿತ್ತು. ದಾರಿಯಲ್ಲಿ ಸಿಂಧೂ ನದಿ ದಾಟಿದೆವು. ದಾಟಿದರೆ ಜಾತಿ ಕೆಡುತ್ತದೆ ಎಂದು ಎಷ್ಟೋ ಜನ ಅಳುಕಿದರು. ಆದರೂ ದಾಟಿದರು. ಊಟ ಸರಿಯಾಗಿರಲಿಲ್ಲ, ಚಳಿ ವಿಪರೀತ. ಮೈಗೆ ಕುರಿ ಚರ್ಮದ ಅಂಗಿ ಕೊಟ್ಟರು. ಊರಿನಲ್ಲಾಗಿದ್ದರೆ ಅದನ್ನು ಮುಟ್ಟುತ್ತಲೂ ಇರಲಿಲ್ಲ. ಅಲ್ಲಿ ಹಾಕಿಕೊಂಡೆ.

1841ರ ನವೆಂಬರ್ 2ರಂದು ಪಟ್ಟಣದಲ್ಲಿ ದಂಗೆ ಎದ್ದಿತು. ಕಂಪನಿಯ ಅಧಿಕಾರಿ ಬರ್ನ್ಸ್ ಸಾಹೇಬರನ್ನು ಅವರ ಮನೆಯಲ್ಲೇ ಕೊಂದರು. ಕೆಲವೇ ದಿನದಲ್ಲಿ ನಮ್ಮ ದಿನಸಿ ಉಗ್ರಾಣ ಕೈತಪ್ಪಿತು. ಆಮೇಲೆ ಅರೆಹೊಟ್ಟೆ. ಮರದ ತೊಗಟೆಯನ್ನು ಕುದುರೆಗಳು ಕಡಿದು ತಿಂದವು. ಡಿಸೆಂಬರ್ 23ರಂದು ಕಂಪನಿಯ ರಾಯಭಾರಿ ಮೆಕ್‌ನಾಟನ್ ಸಾಹೇಬರೂ ಹತರಾದರು. ಕೊನೆಗೆ ಅಫ್ಘನ್ ಸರದಾರರ ಜೊತೆ ಒಪ್ಪಂದವಾಯಿತು. ಹಿಂದೂಸ್ತಾನಕ್ಕೆ ಹಿಂದಿರುಗಬೇಕು, ದಾರಿಯಲ್ಲಿ ನಮ್ಮನ್ನು ಕಾಯುತ್ತಾರೆ ಎಂದರು.

ಜನವರಿ 6ರ ಬೆಳಿಗ್ಗೆ ಹೊರಟೆವು. ಗೋರಾಗಳೂ ನಾವೂ ಸೇರಿ ಸುಮಾರು 4,500 ಜನ ಹೋರಾಡುವವರು. ಪಾಳೆಯದ ಜೊತೆಗಿದ್ದ ಅಡಿಗೆಯವರು, ಕುದುರೆಯವರು, ಅಗಸರು, ಹೆಂಗಸರು, ಮಕ್ಕಳು ಸುಮಾರು 12,000. ಜಲಾಲಾಬಾದ್ 90 ಮೈಲಿ ದೂರ. ನೆಲದ ಮೇಲೆ ಒಂದು ಅಡಿ ಹಿಮ.

ನಮ್ಮ ಪಲ್ಟನ್ ಹಿಂಗಾವಲಿಗೆ ಇತ್ತು. ಸಾಮಾನಿನ ಮೂಟೆಗಳ ನಡುವೆ, ಗುಂಡು ಬೀಳುತ್ತಿರುವಾಗಲೇ, ಜನರನ್ನು ಮುಂದೆ ತಳ್ಳುತ್ತ ನಡೆದೆವು. ಮೊದಲ ತಂಗುದಾಣ ಆರು ಮೈಲಿಯೂ ಇರಲಿಲ್ಲ. ಅಲ್ಲಿಗೆ ಮುಟ್ಟುವಾಗ ನಡುರಾತ್ರಿ ಮೀರಿತ್ತು. ಡೇರೆ ಇಲ್ಲ, ಸೌದೆ ಇಲ್ಲ, ಊಟ ಇಲ್ಲ. ಹಿಮದ ಮೇಲೆ ಒಬ್ಬರಿಗೊಬ್ಬರು ಒತ್ತಿಕೊಂಡು ಮಲಗಿದೆವು. ಬೆಳಿಗ್ಗೆ ಎಬ್ಬಿಸಿದಾಗ ನನ್ನ ಪಕ್ಕದವನು ಏಳಲಿಲ್ಲ. ಅವನ ಮೈಮೇಲೆ ಗಾಯವೇನೂ ಇರಲಿಲ್ಲ.

ಅಫ್ಘನ್ನರು ಕಾಲಿಗೆ ಉಣ್ಣೆಯ ಪಟ್ಟಿ ಸುತ್ತಿಕೊಳ್ಳುತ್ತಿದ್ದರು. ಕುದುರೆಯ ಹಳೆ ಕಂಬಳಿ ಹರಿದು ಎಲ್ಲರ ಕಾಲಿಗೂ ಹಾಗೆ ಸುತ್ತಿಸಿ ಎಂದು ಪಾಟಿಂಜರ್ ಎಂಬ ಸಾಹೇಬರು ಹೊರಡುವ ಮೊದಲೇ ಹೇಳಿದ್ದರಂತೆ. ಅದು ಆಗಲಿಲ್ಲ. ಎರಡನೇ ದಿನಕ್ಕೆ ನನ್ನ ಪಾದದಲ್ಲಿ ನೋವು ನಿಂತಿತು. ನೋವು ಹೋಯಿತೆಂದು ಸಮಾಧಾನಪಟ್ಟೆ. ಮುಟ್ಟಿದರೂ ಗೊತ್ತಾಗುವುದಿಲ್ಲ ಎಂದು ತಿಳಿದಾಗ ಹೆದರಿಕೆಯಾಯಿತು.

8ನೇ ತಾರೀಕು ಖುರ್ದ್ ಕಾಬೂಲ್ ಕಣಿವೆ. ಐದು ಮೈಲಿ ಉದ್ದ, ಎರಡೂ ಕಡೆ ಕಡಿದಾದ ಬೆಟ್ಟ. ನಡುವೆ ಹರಿಯುವ ಹಳ್ಳವನ್ನು ಮತ್ತೆ ಮತ್ತೆ ದಾಟಬೇಕು. ನೀರಿನಿಂದ ಕಾಲೆತ್ತಿದರೆ ಬಟ್ಟೆ ಮಂಜುಗಟ್ಟುತ್ತಿತ್ತು. ಮೇಲಿನಿಂದ ಗುಂಡು ಹಾರಿಸುತ್ತಿದ್ದರು. ಅವರ ಉದ್ದ ಕೋವಿಯ ಗುಂಡು ನಮ್ಮನ್ನು ಮುಟ್ಟುತ್ತಿತ್ತು, ನಮ್ಮ ಗುಂಡು ಅವರನ್ನು ಮುಟ್ಟುತ್ತಿರಲಿಲ್ಲ. ಬಹಳ ಜನರಿಗೆ ತೋಟಾ ಹಿಡಿಯಲು ಬೆರಳೇ ಮಡಚುತ್ತಿರಲಿಲ್ಲ. ದಾರಿಯ ಬದಿ ಮಕ್ಕಳು ಕೂತಿದ್ದವು. ಎತ್ತಿಕೊಳ್ಳುವ ಶಕ್ತಿ ಯಾರಲ್ಲೂ ಇರಲಿಲ್ಲ. ಆ ಒಂದು ದಿನ ಸುಮಾರು 3,000 ಜನ ಸತ್ತರು.

ಆ ರಾತ್ರಿ ಬೆಂಕಿಗೆ ಏನೂ ಸಿಗದೆ ಸಿಪಾಯಿಗಳು ತಮ್ಮ ಟೋಪಿ ಸುಟ್ಟರು, ಬಟ್ಟೆ ಸುಟ್ಟರು. ನಾನೂ ಸುಟ್ಟೆ. ಸ್ವಲ್ಪ ಹೊತ್ತು ಕೈಗೆ ಬಿಸಿ ತಾಗಿತು. ಮಾರನೆಯ ದಿನ ಸಾಹೇಬರ ಹೆಂಗಸರು ಮಕ್ಕಳನ್ನು ಅಫ್ಘನ್ ಸರದಾರ ಅಕ್ಬರ್ ಖಾನನ ವಶಕ್ಕೆ ಕೊಟ್ಟರು. ಅವರಲ್ಲಿ ಹೆಚ್ಚಿನವರು ಉಳಿದರು. ನಮ್ಮವರ ಹೆಂಗಸರು ಮಕ್ಕಳು ನಮ್ಮ ಜೊತೆಯೇ ಇದ್ದರು.

10ರ ಬೆಳಿಗ್ಗೆ ಮತ್ತೆ ಒಂದು ಇಕ್ಕಟ್ಟಿನ ಕಣಿವೆ. ಅಲ್ಲಿಗೆ ಸಿಪಾಯಿಗಳ ಪಲ್ಟನ್ನುಗಳು ಮುಗಿದವು. ಕೋವಿ ಹಿಡಿಯಲಾಗದೆ ಬಿಸಾಡಿ ಓಡಿದವರನ್ನು ಕತ್ತಿಯಿಂದ ಕಡಿದರು. ನನಗೆ ಹೆಗಲಿಗೆ ಏಟು ಬಿತ್ತು. ಬಿದ್ದೆ. ನನ್ನ ಮೇಲೆ ಇನ್ನೊಬ್ಬ ಬಿದ್ದ. ಸತ್ತವನೆಂದು ತಿಳಿದು ನನ್ನ ಕುರಿ ಚರ್ಮದ ಅಂಗಿ ಬಿಚ್ಚಿಕೊಂಡು ಹೋದರು. ಸಂಜೆಯವರೆಗೆ ಅಲುಗಲಿಲ್ಲ. ಆಮೇಲೆ ಸತ್ತವರ ಮೈಯಿಂದ ಬಟ್ಟೆ ತೆಗೆದು ಸುತ್ತಿಕೊಂಡು ಕಾಬೂಲಿನ ಕಡೆಗೇ ತೆವಳಿದೆ. ಮುಂದೆ ಗುಂಡಿನ ಸದ್ದಿತ್ತು, ಹಿಂದೆ ಇರಲಿಲ್ಲ. ಅಷ್ಟೇ ಯೋಚನೆ.

ಒಂದು ಕುರಿದೊಡ್ಡಿ ಸಿಕ್ಕಿತು. ಕುರಿಗಳ ನಡುವೆ ಮಲಗಿದೆ. ಬೆಳಿಗ್ಗೆ ಒಬ್ಬ ಮುದುಕಿ ಬಂದಳು. ಕೂಗಿ ಗಂಡಸರನ್ನು ಕರೆಯುತ್ತಾಳೆ ಎಂದುಕೊಂಡೆ. ಕರೆಯಲಿಲ್ಲ. ರೊಟ್ಟಿ ಕೊಟ್ಟಳು. ತಿಂದೆ. ಕೆಲವು ದಿನ ಅಲ್ಲೇ ಇಟ್ಟುಕೊಂಡಳು. ನನ್ನ ಕಾಲ್ಬೆರಳುಗಳು ಕಪ್ಪಾಗಿ ಒಂದೊಂದಾಗಿ ಬಿದ್ದುಹೋದವು. ಎಡಗೈಯ ಮೂರು ಬೆರಳೂ ಹೋದವು. ಅವಳು ಬೂದಿ ಹಾಕಿ ಬಟ್ಟೆ ಕಟ್ಟಿದಳು. ಅವಳ ಮಾತು ನನಗೆ ತಿಳಿಯುತ್ತಿರಲಿಲ್ಲ.

ಆಮೇಲೆ ಕಾಬೂಲಿನ ಬಜಾರಿನಲ್ಲಿ ಭಿಕ್ಷೆ. ಅಲ್ಲಿ ನನ್ನಂಥವರು ಬಹಳ ಜನರಿದ್ದರು. ಕೈ ಇಲ್ಲದವರು, ಕಾಲಿಲ್ಲದವರು. ಗಟ್ಟಿಮುಟ್ಟಾಗಿದ್ದವರನ್ನು ಗುಲಾಮರಾಗಿ ಮಾರಿದರು. ನಮ್ಮನ್ನು ಯಾರೂ ಕೊಳ್ಳಲಿಲ್ಲ. ಹಿಂದೂ ವ್ಯಾಪಾರಿಯೊಬ್ಬ ದಿನಾ ಒಂದು ಹಿಡಿ ಹಿಟ್ಟು ಕೊಡುತ್ತಿದ್ದ. ಒಂದು ಗೋಡೆಯ ಮರೆಯಲ್ಲಿ ಬೇಯಿಸಿಕೊಳ್ಳುತ್ತಿದ್ದೆವು. ಬೇಸಿಗೆ ಬಂದಾಗ ಗಾಯ ಒಣಗಿತು.

ಸೆಪ್ಟೆಂಬರ್ 15ರಂದು ಕಂಪನಿಯ ಜನರಲ್ ಪೊಲಾಕ್ ಸಾಹೇಬರ ಸೈನ್ಯ ಕಾಬೂಲಿಗೆ ಬಂತು. ಬಜಾರಿನಿಂದ ನಮ್ಮನ್ನು ಹುಡುಕಿ ಕಲೆಹಾಕಿದರು. ಸಿಪಾಯಿಗಳೂ ಪಾಳೆಯದವರೂ ಸೇರಿ 2,000ದಷ್ಟು ಜನ ಸಿಕ್ಕರು. ಅಕ್ಟೋಬರಿನಲ್ಲಿ ಸೇಡಿಗಾಗಿ ದೊಡ್ಡ ಬಜಾರನ್ನು ಸ್ಫೋಟಿಸಿ ಉರುಳಿಸಿದರು. ಲೂಟಿಯಾಯಿತು. ನನಗೆ ಹಿಟ್ಟು ಕೊಟ್ಟವನ ಅಂಗಡಿಯೂ ಹೋಯಿತು. ಸೈನ್ಯದ ಹಿಂದೆ ಬರಿಗೈಲಿ ಹೊರಟ ಹಿಂದೂ ಸಂಸಾರಗಳಲ್ಲಿ ಅವನನ್ನು ಹುಡುಕಿದೆ. ಕಾಣಲಿಲ್ಲ.

ಅದೇ ಕಣಿವೆಗಳಲ್ಲಿ ಹಿಂದಿರುಗಿದೆವು. ಗಾಡಿಯ ಚಕ್ರ ಎಲುಬಿನ ಮೇಲೆ ಉರುಳುತ್ತಿತ್ತು. ನನ್ನ ಪಲ್ಟನ್ನಿನ ಬಿಲ್ಲೆಗಳನ್ನು ಗುರುತು ಹಿಡಿದೆ. ಮುಖ ಯಾವುದೂ ಉಳಿದಿರಲಿಲ್ಲ. ಡಿಸೆಂಬರಿನಲ್ಲಿ ಫಿರೋಜ್‌ಪುರದಲ್ಲಿ ಗೆದ್ದು ಬಂದ ಸೈನ್ಯಕ್ಕೆ ಕಮಾನು ಕಟ್ಟಿ ಸ್ವಾಗತ ಮಾಡಿದರು.

ಊರಿಗೆ ಬಂದಾಗ ನನ್ನ ಶ್ರಾದ್ಧ ಮಾಡಿ ಮುಗಿಸಿದ್ದರು. ಅಮ್ಮ ಗುರುತು ಹಿಡಿದಳು. ಆದರೆ ಒಳಗೆ ಕರೆಯಲಿಲ್ಲ. ಕರೆಯುವ ಅಧಿಕಾರ ಅವಳಿಗಿರಲಿಲ್ಲ. ಸಿಂಧೂ ದಾಟಿದವನು, ಪರರ ರೊಟ್ಟಿ ತಿಂದವನು ಎಂದು ಕುಲದವರು ಪಂಚಾಯಿತಿ ಕೂತರು. ಪ್ರಾಯಶ್ಚಿತ್ತಕ್ಕೂ ಊಟ ಹಾಕಿಸಲಿಕ್ಕೂ ಹಣ ಬೇಕಾಯಿತು. ಅಣ್ಣ ಹೊಲದ ಒಂದು ತುಂಡು ಒತ್ತೆ ಇಟ್ಟ. ಅಲ್ಲಿಯವರೆಗೆ ಜಗಲಿಯ ಮೇಲೆ ಮಲಗಿದೆ. ಹೆಂಡತಿ ಎಲೆಯಲ್ಲಿ ಊಟ ತಂದಿಟ್ಟು, ನಾನು ತಿಂದು ಮುಗಿಸುವವರೆಗೆ ಅಲ್ಲೇ ಕೂತಿರುತ್ತಿದ್ದಳು. ಮುದುಕಿಯ ರೊಟ್ಟಿ ತಿಂದದ್ದು ಪಾಪ ಎಂದು ನಾನು ಒಪ್ಪಲಿಲ್ಲ. ಹೇಳು ಎಂದದ್ದನ್ನು ಹೇಳಿ ಒಳಗೆ ಹೋದೆ.

ಅಂಗವಿಕಲನ ಪಿಂಚಣಿ ಬಂತು. ಅದರಲ್ಲಿ ಮಗ ದೊಡ್ಡವನಾದ. ನಾನು ಬೇಡವೆಂದರೂ, ಮತ್ತೆ ಕಟ್ಟಿದ 54ನೇ ಪಲ್ಟನ್ನಿಗೇ ಸೇರಿದ. 1856ರಲ್ಲಿ ಕಂಪನಿ ಅವಧ್ ಅನ್ನೇ ನುಂಗಿತು. ರೆಸಿಡೆಂಟರ ಮೂಲಕ ಅಹವಾಲು ಹೇಳುವ ಹಕ್ಕು ಅದರ ಜೊತೆ ಹೋಯಿತು. ಮೂರು ತಲೆಮಾರು ಯಾವುದಕ್ಕಾಗಿ ಕೋವಿ ಹೊತ್ತಿತೋ ಅದೇ ಉಳಿಯಲಿಲ್ಲ. 1857ರ ಮೇ 11ರಂದು ಆ ಪಲ್ಟನ್ ದಿಲ್ಲಿಯಲ್ಲಿತ್ತು. ಸಿಪಾಯಿಗಳ ದಂಗೆಯಲ್ಲಿ ಅದೂ ತಿರುಗಿಬಿತ್ತು. ಮಗ ಮನೆಗೆ ಬರಲಿಲ್ಲ. ಅವನು ಎಲ್ಲಿ ಬಿದ್ದ ಎಂದು ಹೇಳುವವರು ಸಿಗಲಿಲ್ಲ.

ಕಾಬೂಲಿನಿಂದ ಹೊರಟ ಸೈನ್ಯದಲ್ಲಿ ಜಲಾಲಾಬಾದ್ ಮುಟ್ಟಿದ್ದು ಬ್ರೈಡನ್ ಎಂಬ ಡಾಕ್ಟರ್ ಒಬ್ಬರೇ ಎಂದು ಜನ ಹೇಳುತ್ತಾರೆ. ಜನವರಿ 13ರಂದು ಅವರು ಕುದುರೆಯ ಮೇಲೆ ಅಲ್ಲಿಗೆ ಬಂದದ್ದು ನಿಜ. ಅವರು ಪಟ್ಟ ಪಾಡೂ ನಿಜ. ಆದರೆ ಬದುಕಿದವರು ಅವರೊಬ್ಬರೇ ಅಲ್ಲ. ನಾವೂ ಇದ್ದೆವು. ನಮ್ಮನ್ನು ಯಾರೂ ಎಣಿಸಲಿಲ್ಲ.