ಇದು ಹಸಿರೇ ಅಲ್ವಾ ಅಜ್ಜಿ?

ದಸರಾ ರಜೆಗೆ ಮಗಳು ತನ್ನ ಮಕ್ಕಳಿಬ್ಬರನ್ನೂ ನಮ್ಮಲ್ಲಿ ಬಿಟ್ಟು ಹೋಗಿದ್ದಳು. ಮೊಮ್ಮಗಳಿಗೆ ಒಂಬತ್ತು ವರ್ಷ, ಮೊಮ್ಮಗನಿಗೆ ಏಳು. ಎರಡು ದಿನ ಟೀವಿ ನೋಡಿ ಬೇಸರವಾದ ಮೇಲೆ ಬಣ್ಣ ಹಚ್ಚುವ ಪುಸ್ತಕ ಹರವಿಕೊಂಡು ಹಜಾರದಲ್ಲಿ ಕುಳಿತರು. ನಾನೂ ಮಂಡಿನೋವು ಮರೆತು ಪಕ್ಕದಲ್ಲಿ ಕುಳಿತೆ.

ಯೂರೋಪಿನ ಹಳೆಯ ಕಾಲದ ಕಥೆಯ ಚಿತ್ರ ಅದು. ಗುಡ್ಡದ ಮೇಲೆ ಚೂಪು ಗೋಪುರಗಳ ಕೋಟೆ, ಕೆಳಗೆ ಹುಲ್ಲುಗಾವಲು, ಅಲ್ಲಿ ಬೆಂಕಿ ಉಗುಳುವ ಡ್ರ್ಯಾಗನ್, ಎದುರಿಗೆ ಕುದುರೆ ಏರಿದ ನೈಟ್. ಕಿಟಕಿ ತೆರೆದರೆ ಏಳು ಸುತ್ತಿನ ಕೋಟೆ ಕಾಣುವ ಚಿತ್ರದುರ್ಗದಲ್ಲಿ ಕುಳಿತು ಇನ್ಯಾರದೋ ಕೋಟೆಗೆ ಬಣ್ಣ! ಆದರೆ ಊಳಿಗಮಾನ್ಯ ಪದ್ಧತಿಯ ಪಾಠ ಮಾಡಿ ಮಾಡಿ ಬಾಯಿಪಾಠವಾಗಿರುವ ಸಮಾಜದ ಟೀಚರು ನಾನು, ಸುಮ್ಮನಿರುತ್ತೇನೆಯೇ? ಮೊಮ್ಮಗಳು ಕೋಟೆಯನ್ನು ಬಿಳಿಯಾಗಿಯೇ ಬಿಟ್ಟಿದ್ದು ಕಂಡು, “ಕಲ್ಲಿನ ಕೋಟೆ ಕಣೇ, ಬೂದು ಬಣ್ಣ ಹಚ್ಚು” ಎಂದೆ. ಹೇಳಿದ ಮೇಲೆ ನೆನಪಾಯಿತು. ಲಂಡನ್ನಿನ ಟವರ್ ಕೋಟೆಯ ನಡುವಿನ ಗೋಪುರಕ್ಕೆ ದೊರೆ ಮೂರನೆಯ ಹೆನ್ರಿ 1240ರಲ್ಲಿ ಸುಣ್ಣ ಬಳಿಸಿದ್ದ. ಅದಕ್ಕೇ ಅದು ವೈಟ್ ಟವರ್. “ಇರಲಿ ಬಿಡು, ನೀನೇ ಸರಿ” ಎಂದು ಮಾತು ಹಿಂದಕ್ಕೆ ತೆಗೆದುಕೊಂಡೆ.

ಅಷ್ಟರಲ್ಲಿ ಅವಳು ತಮ್ಮನ ಪುಟ ನೋಡಿ ಬಿದ್ದು ಬಿದ್ದು ನಗತೊಡಗಿದಳು. ಬಗ್ಗಿ ನೋಡಿದೆ. ಹುಲ್ಲೆಲ್ಲ ಕಂದು. ಡ್ರ್ಯಾಗನ್ನೂ ಕಂದು, ಹುಲ್ಲಿನಲ್ಲಿ ಕರಗಿಯೇ ಹೋಗಿತ್ತು. ಕುದುರೆ ಮಾತ್ರ ಹಚ್ಚ ಹಸಿರು.

“ಹುಲ್ಲು ಯಾವ ಬಣ್ಣ ಮರಿ?”

“ಹಸಿರು.”

“ಮತ್ತೆ ಇದೇನು ಹಚ್ಚಿದ್ದೀಯ?”

ಮಗು ಕೈಯಲ್ಲಿದ್ದ ಕ್ರೇಯಾನ್ ನೋಡಿತು, ನನ್ನ ಮುಖ ನೋಡಿತು. “ಇದು ಹಸಿರೇ ಅಲ್ವಾ ಅಜ್ಜಿ?”

ಗದರಲು ತೆರೆದ ಬಾಯಿ ಹಾಗೇ ನಿಂತಿತು. ಆ ನೋಟವನ್ನು ನಾನು ಹಿಂದೊಮ್ಮೆ ನೋಡಿದ್ದೆ.

1994. ಕೆಲಸಕ್ಕೆ ಸೇರಿದ ಹೊಸದು. ಎಂಟನೇ ತರಗತಿಯ ಹುಡುಗನೊಬ್ಬ ಭಾರತದ ನಕಾಶೆಯಲ್ಲಿ ಗಂಗಾ ಬಯಲಿಗೆ ಕಂದು, ದಖ್ಖನ್ ಪ್ರಸ್ಥಭೂಮಿಗೆ ಹಸಿರು ಹಚ್ಚಿ ತಂದಿದ್ದ. ಕೆಳಗಿನ ಸೂಚಿಯಲ್ಲಿ ಮಾತ್ರ ಮೈದಾನಕ್ಕೆ ಹಸಿರು, ಪ್ರಸ್ಥಭೂಮಿಗೆ ಕಂದು ಎಂದು ಸರಿಯಾಗಿಯೇ ಬರೆದಿದ್ದ. ಕೇಳಿದರೆ ಉತ್ತರವೂ ಸರಿ. ಗೊತ್ತಿದ್ದೂ ಕುಚೇಷ್ಟೆ ಮಾಡಿದ್ದಾನೆಂದು ಇಡೀ ಪೀರಿಯಡ್ಡು ಹೊರಗೆ ನಿಲ್ಲಿಸಿದೆ. ಆ ವರ್ಷದ ಪರೀಕ್ಷೆಯಲ್ಲಿ ಅವನು ನಕಾಶೆಯ ಪ್ರಶ್ನೆಯನ್ನು ಮುಟ್ಟಲೇ ಇಲ್ಲ. ‘ಸೋಮಾರಿ’ ಎಂದುಕೊಂಡು ಮರೆತುಬಿಟ್ಟಿದ್ದೆ.

ಮೆಲ್ಲಗೆ ಕೇಳಿದಾಗ ಮೊಮ್ಮಗ ಗುಟ್ಟು ಬಿಟ್ಟುಕೊಟ್ಟ. ಶಾಲೆಯಲ್ಲಿ ಅವನು ಕ್ರೇಯಾನಿಗೆ ಸುತ್ತಿದ ಕಾಗದದ ಮೇಲಿನ ಹೆಸರು ಓದಿಕೊಂಡು ಬಣ್ಣ ಹಚ್ಚುತ್ತಿದ್ದನಂತೆ. ನಮ್ಮ ಮನೆಯ ಡಬ್ಬಿಯಲ್ಲಿದ್ದವು ಅವನಮ್ಮನ ಕಾಲದವು, ಕಾಗದವೆಲ್ಲ ಕಿತ್ತುಹೋಗಿ ಬೋಳಾಗಿದ್ದವು.

ಮರುದಿನ ನಾನೂ ನಮ್ಮವರೂ ಅವನನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆವು. ಬಣ್ಣ ಬಣ್ಣದ ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಪುಸ್ತಕ ತೆಗೆದರು. ಇಶಿಹಾರಾ ಎಂಬ ಜಪಾನಿನ ವೈದ್ಯರು 1917ರಲ್ಲಿ ಪ್ರಕಟಿಸಿದ ಪರೀಕ್ಷೆಯಂತೆ. ನನಗೆ ಢಾಳಾಗಿ ಕಂಡ ಅಂಕಿ ಮಗುವಿಗೆ ಕಾಣಲಿಲ್ಲ. “ಕೆಂಪು–ಹಸಿರು ಬಣ್ಣಗುರುಡು. ಔಷಧಿಯಿಲ್ಲ, ಹೆಚ್ಚಾಗುವುದೂ ಇಲ್ಲ. ರೈಲು ಓಡಿಸುವಂಥ ಕೆಲವು ಕೆಲಸಗಳಿಗೆ ಅಡ್ಡಿ, ಓದಿಗೆ ಏನೂ ತೊಂದರೆಯಿಲ್ಲ” ಎಂದರು. ಯೂರೋಪ್ ಮೂಲದವರಲ್ಲಿ ಸುಮಾರು 12 ಗಂಡಸರಿಗೊಬ್ಬರಿಗೆ ಇದು ಇರುತ್ತದಂತೆ. ನಮ್ಮಲ್ಲಿ ಅದಕ್ಕಿಂತ ಕಡಿಮೆ, ಹೆಂಗಸರಲ್ಲಂತೂ ತೀರ ವಿರಳ. ತಂದೆಗಿದ್ದರೆ ಮಗಳು ಅದನ್ನು ಹೊತ್ತಿರುತ್ತಾಳೆ, ಸಾಮಾನ್ಯವಾಗಿ ಅವಳ ಕಣ್ಣಿಗೆ ಏನೂ ಆಗುವುದಿಲ್ಲ, ಅವಳ ಗಂಡುಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ.

ಹಾಗೆ ಹೇಳುತ್ತ ಡಾಕ್ಟರು ಪುಸ್ತಕವನ್ನು ನಮ್ಮವರ ಕಡೆ ತಿರುಗಿಸಿದರು. ಕನ್ನಡಕ ಏರಿಸಿದರು, ಇಳಿಸಿದರು. “ಅಂಕಿ ಎಲ್ಲಿದೆ ಸಾರ್, ಬರೀ ಚುಕ್ಕೆ” ಎಂದರು.

ನಾನು ನೆಲ ನೋಡುತ್ತ ಕುಳಿತೆ. ಮೂವತ್ತೈದು ವರ್ಷದ ಸಂಸಾರ. ಸಂತೆಗೆ ಕಳಿಸಿದರೆ ಹಣ್ಣಿನ ಜೊತೆ ಕಾಯಿ ಟೊಮೇಟೊ ತರುತ್ತಿದ್ದರು. ಹಸಿರು ಸೀರೆಗೆ ರವಿಕೆ ಬಟ್ಟೆ ತನ್ನಿ ಎಂದರೆ ಕಂದು ಬಟ್ಟೆ ತಂದರು, ಅದೂ ಮದುವೆಯಾದ ಹೊಸತರಲ್ಲಿ. ‘ನನ್ನ ಮೇಲೆ ಗಮನವಿದ್ದರಲ್ಲವೇ’ ಎಂದು ಆಡಿದ್ದೇನೆ, ಅತ್ತಿದ್ದೇನೆ, ಅಕ್ಕತಂಗಿಯರೆದುರು ಹಂಗಿಸಿಯೂ ಇದ್ದೇನೆ. ಅವರು ಒಮ್ಮೆಯೂ ವಾದಿಸಲಿಲ್ಲ. ತಪ್ಪು ತಮ್ಮದೇ ಎಂದು ನಂಬಿದ್ದರು.

ಮನೆಗೆ ಬಂದು ಬಿಳಿ ಕಾಗದ ಕತ್ತರಿಸಿ, ಒಂದೊಂದು ಬಣ್ಣದ ಹೆಸರೂ ಬರೆದು ಕ್ರೇಯಾನುಗಳಿಗೆ ಅಂಟಿಸಿದೆ. ಹೆಸರು ಓದಿ ಹೇಳುವ ಕೆಲಸ ಮೊಮ್ಮಗಳದು. ಅವಳೀಗ ನಗುವುದನ್ನು ಬಿಟ್ಟಿದ್ದಾಳೆ. “ನಿನ್ನ ಡ್ರ್ಯಾಗನ್ ಹುಲ್ಲಲ್ಲಿ ಅವಿತುಕೊಂಡಿದೆ ಕಣೋ, ನೈಟ್‌ಗೆ ಸಿಗಲ್ಲ” ಎಂದಾಗ ತಮ್ಮನ ಮುಖ ಅರಳಿತು. ನಮ್ಮವರು ಆ ಪುಟವನ್ನು ಕೈಗೆತ್ತಿಕೊಂಡು, “ಹುಲ್ಲು ಎಷ್ಟು ಹಸಿರಾಗಿದೆಯಪ್ಪಾ!” ಎಂದರು. ಅಜ್ಜ ಮೊಮ್ಮಗ ಇಬ್ಬರೂ ನಕ್ಕರು.

ರಜೆ ಮುಗಿದು ಶಾಲೆ ಶುರುವಾದ ದಿನವೇ ನನ್ನ ತರಗತಿಗಳಿಗೆ ಹೇಳಿದೆ: ನಕಾಶೆಗೆ ಬಣ್ಣ ಹಚ್ಚದಿದ್ದರೂ ಸರಿ, ಗೆರೆ ಎಳೆದೋ ಚುಕ್ಕೆ ಇಟ್ಟೋ ಗುರುತು ಮಾಡಿ, ಪೂರ್ತಿ ಅಂಕ ಕೊಡುತ್ತೇನೆ. ಅಂದು ಬಾಗಿಲಾಚೆ ನಿಂತಿದ್ದ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ಎಲ್ಲಿದ್ದಾನೋ ತಿಳಿಯದು. ಅವನ ನಕಾಶೆಯಲ್ಲಿ ತಪ್ಪಿರಲಿಲ್ಲವೆಂದು ಹೇಳಲು ನನಗೆ ಅವನ ವಿಳಾಸವೂ ಗೊತ್ತಿಲ್ಲ.