ತೊಳೆದ ದುಡ್ಡು

ತಾತ ತೀರಿಕೊಂಡ ಮೇಲೆ ಕೆ.ಆರ್. ಮೊಹಲ್ಲಾದ ಮನೆ ಖಾಲಿ ಮಾಡುವಾಗ ಅವರ ಟ್ರಂಕಿನಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿದ್ದ ನಲವತ್ತಮೂರು ನಾಣ್ಯ. ವಿಕ್ಟೋರಿಯಾ ರಾಣಿ, ಐದನೇ ಜಾರ್ಜ್, ಆರನೇ ಜಾರ್ಜ್ ತಲೆಯ ಬೆಳ್ಳಿ ರೂಪಾಯಿಗಳು. ಆನೆ ಚಿತ್ರದ, ಕನ್ನಡದಲ್ಲಿ 'ಮಯಿಲಿ ಕಾಸು' ಅಂತ ಬರೆದ ಮುಮ್ಮಡಿಯವರ ಕಾಲದ ತಾಮ್ರದ ಕಾಸುಗಳು. ಒಂದಷ್ಟು ತೂತು ಕಾಸು. ಕೊನೆಗೆ, ತೊಗರಿಬೇಳೆ ಗಾತ್ರದ ಒಂದು ಚಿನ್ನದ ಚೂರು.

ನಂಗಾಗ ಇಪ್ಪತ್ತಾರು. ಬೆಂಗಳೂರಲ್ಲಿ ಬಾಡಿಗೆ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಕೊಡಬೇಕಿತ್ತು. "ನೀನೇ ಇಟ್ಕೋ, ತಾತ ನಿಂಗೇ ಅಂತಿದ್ರು" ಅಂದರು ಅಮ್ಮ. ಅವರು ಹೇಳಿದ್ದು 'ಇಟ್ಕೋ'. ನನಗೆ ಕೇಳಿಸಿದ್ದು 'ಮಾರ್ಕೋ'.

ಮೊದಲ ತಪ್ಪು ಅವತ್ತು ಸಂಜೆಯೇ ಆಯ್ತು. ಹುಣಸೆಹಣ್ಣು, ಉಪ್ಪು ಹಾಕಿ, ದೇವರ ದೀಪ ಬೆಳಗುವ ಹಾಗೆ ಎಲ್ಲವನ್ನೂ ಗಸಗಸ ತಿಕ್ಕಿದೆ. ತಾಮ್ರ ಫಳಫಳ ಹೊಳೆಯಿತು. ನಾಣ್ಯದ ಮೇಲೆ ವರ್ಷಾನುಗಟ್ಟಲೆ ಕೂತ ಆ ಕಂದು ಪದರವನ್ನೇ ಸಂಗ್ರಾಹಕರು ಮೊದಲು ನೋಡೋದು, ಅದು ಹೋದರೆ ಅರ್ಧ ಬೆಲೆಯೂ ಹೋಯಿತು ಅಂತ ನಂಗೇನು ಗೊತ್ತು? ನಮ್ಮನೇಲಿ ಕಿಲುಬು ಅಂದ್ರೆ ಸೋಮಾರಿತನದ ಗುರುತು.

ಎರಡನೇ ತಪ್ಪು, ಒಂದೇ ಅಂಗಡಿಗೆ ಹೋಗಿದ್ದು. ಪೇಟೆಯಲ್ಲಿ ಯಾರೋ ಹೇಳಿದ ಅಂಗಡಿ. ಹೆಸರು ಬೇಡ. ಅವರು ಕಾಫಿ ತರಿಸಿದರು, ಬೆಳ್ಳಿಯನ್ನೆಲ್ಲ ಒಟ್ಟಿಗೆ ತಕ್ಕಡಿಗೆ ಸುರಿದರು. "ಇದೆಲ್ಲ ಅರ್ಧ ಬೆಳ್ಳಿ ಸಾರ್" ಅಂದರು. ತಾಮ್ರಕ್ಕೆ ಒಂದು ಉಂಡೆ ರೇಟು. ಚಿನ್ನದ ಚೂರಿಗೆ ಆ ದಿನದ ಚಿನ್ನದ ದರ, ಅದರಲ್ಲೂ ಸ್ವಲ್ಪ ಕಡಿತ. ಬಿಲ್ ಕೇಳುವ ಬುದ್ಧಿ ನನಗಿರಲಿಲ್ಲ, ಕೊಡುವ ಬುದ್ಧಿ ಅವರಿಗೂ ಇರಲಿಲ್ಲ. ಇಪ್ಪತ್ತು ನಿಮಿಷದಲ್ಲಿ ತಾತನ ಡಬ್ಬಿ ಖಾಲಿ.

ವಾರ ಕಳೆದು ಅಮ್ಮ ಫೋನ್ ಮಾಡಿದಾಗ ಮಾತಿನ ಮಧ್ಯೆ ಕೇಳಿದರು: "ಆ ಕಂಠೀರಾಯಿ ಹಣ ಜೋಪಾನವಾಗಿದೆ ತಾನೆ?"

"ಯಾವ ಹಣ?"

"ಅದೇ ಕಣೋ, ಚಿನ್ನದ್ದು, ಚಿಕ್ಕದು. ನಿಮ್ಮ ತಾತನ ಅಮ್ಮಂದು. ನಮ್ಮನೇಲಿ ಮಗು ಹುಟ್ಟಿದ್ರೆ ಅದನ್ನ ಜೇನುತುಪ್ಪದಲ್ಲಿ ಅದ್ದಿ ನಾಲಿಗೆಗೆ ಸವರ್ತಿದ್ವಿ. ನಿನಗೂ ಸವರಿದ್ದು ಅದನ್ನೇ."

ಆ ಶನಿವಾರ ಬೆಳಗಿನ ರೈಲು ಹತ್ತಿ ಮೈಸೂರಿಗೆ ಓಡಿದೆ. "ಹೋಯ್ತು ಸಾರ್, ಅವತ್ತೇ ಹೋಯ್ತು" ಅಂದರು ಅಂಗಡಿಯವರು. ಯಾರಿಗೆ? ಅದನ್ನು ಹೇಳಲಿಲ್ಲ. ಈ ಸಲ ಕಾಫಿಯೂ ಬರಲಿಲ್ಲ.

ನಾನು ನಾಣ್ಯ ಕಲಿಯೋಕೆ ಶುರು ಮಾಡಿದ್ದು ಹೀಗೆ. ಹವ್ಯಾಸ ಅಲ್ಲ, ಹೊಟ್ಟೆಯುರಿ. ಆಮೇಲೆ ಬೆಂಗಳೂರಿನ ಒಂದು ನಾಣ್ಯ ಪ್ರದರ್ಶನದಲ್ಲಿ ವಯಸ್ಸಾದ ಡೀಲರ್ ಒಬ್ಬರು ಸಿಕ್ಕರು. ಕಥೆ ಪೂರ್ತಿ ಕೇಳಿಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ: "ಅಗಲವೋ, ಗಿಡ್ಡವೋ?"

ಕಂಠೀರವ ನರಸರಾಜ ಒಡೆಯರು ಆಳಿದ್ದು 1638ರಿಂದ 1659. ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ಇಟ್ಟು ಅವರು ಹೊಡೆಸಿದ ಚಿನ್ನದ ಹಣದ ಒಂದು ಕಡೆ ನರಸಿಂಹ, ಇನ್ನೊಂದು ಕಡೆ ಮೂರು ಸಾಲು ನಾಗರಿ ಲಿಪಿ. ಅರ್ಧ ಗ್ರಾಮೂ ತೂಗದ ಈ ಚೂರು ಎಷ್ಟು ನಂಬಿಕೆ ಗಳಿಸಿತ್ತು ಅಂದ್ರೆ, ಒಂದೂವರೆ ಶತಮಾನದ ಮೇಲೆ ದಿವಾನ್ ಪೂರ್ಣಯ್ಯನವರು ಅದೇ ಮಾದರಿಯಲ್ಲಿ ಮತ್ತೆ ಹೊಡೆಸಿದರು. ಹಳೆಯದು ಅಗಲ ಕಂಠೀರಾಯಿ, ಹೊಸದು ಗಿಡ್ಡ ಕಂಠೀರಾಯಿ. ಹತ್ತು ಹಣಕ್ಕೆ ಒಂದು ಕಂಠೀರಾಯಿ ವರಹ ಅಂತ ಲೆಕ್ಕ. ಆ ವರಹ ಮಾತ್ರ ಲೆಕ್ಕದ ಪುಸ್ತಕದಲ್ಲಷ್ಟೇ ಇತ್ತು, ಕೈಗೆ ಸಿಗುವ ನಾಣ್ಯವಾಗಿರಲಿಲ್ಲ. ನಾವು ದಿನಕ್ಕೆ ನೂರು ಸಲ 'ಹಣ' ಅಂತೀವಲ್ಲ, ಅದು ಇಂಥ ನಾಣ್ಯದ ಹೆಸರು.

ಅಗಲವೋ ಗಿಡ್ಡವೋ? ನನ್ನ ಹತ್ತಿರ ಉತ್ತರ ಇರಲಿಲ್ಲ. ಫೋಟೋ ಇಲ್ಲ, ತೂಕ ಬರೆದಿಟ್ಟಿಲ್ಲ, ಬಿಲ್ ಇಲ್ಲ. "ಹಾಗಾದ್ರೆ ನಿಮ್ಮದು ಎದುರಿಗೆ ಬಂದ್ರೂ ಗುರುತು ಹಿಡಿಯೋಕಾಗಲ್ಲ ಬಿಡಿ" ಅಂದರು. ಬೈಗುಳಕ್ಕಿಂತ ಅದು ಹೆಚ್ಚು ತಾಗಿತು.

ಅವರ ಹತ್ತಿರ ಕಲಿತದ್ದು ಬಹಳ. ಮುಖ್ಯವಾದ್ದು ಇಷ್ಟು. ಬ್ರಿಟಿಷರ ಕಾಲದ ರೂಪಾಯಿ 11.66 ಗ್ರಾಂ ತೂಗುತ್ತೆ. 1939ರವರೆಗಿನದರಲ್ಲಿ ಶೇ. 91.7 ಬೆಳ್ಳಿ, 1940ರಿಂದ ಅರ್ಧ ಬೆಳ್ಳಿ, 1947ರ ಹುಲಿ ರೂಪಾಯಿ ಬರೀ ನಿಕ್ಕಲ್. ಅಂದ್ರೆ ನನ್ನ ವಿಕ್ಟೋರಿಯಾಗಳನ್ನು 'ಅರ್ಧ ಬೆಳ್ಳಿ' ಅಂದದ್ದು ಶುದ್ಧ ಸುಳ್ಳು. ನಾಣ್ಯದ ಮೇಲಿನ ಇಸವಿ ಓದಿದ್ದರೂ ಸಾಕಿತ್ತು.

ಇನ್ನೊಂದು ಮಾತು ಡೀಲರುಗಳ ಪರವಾಗಿ. ಕೊಳ್ಳುವ ಬೆಲೆ, ಮಾರುವ ಬೆಲೆ ಯಾವತ್ತೂ ಬೇರೆ. ನಮ್ಮಿಂದ ಕೊಂಡ ನಾಣ್ಯ ಅವರ ತಟ್ಟೆಯಲ್ಲಿ ವರ್ಷಗಟ್ಟಲೆ ಕೂರಬಹುದು, ನಕಲಿ ಬಂದರೆ ನಷ್ಟ ಅವರದು. ಆ ಅಂತರ ಅನ್ಯಾಯ ಅಲ್ಲ. ನಾಣ್ಯ ಏನು ಅಂತ ಗೊತ್ತಿದ್ದೂ ಬಾಯಿ ಬಿಡದೆ ಇರೋದು ಅನ್ಯಾಯ. ಒಳ್ಳೇ ಡೀಲರ್ ಬಿಲ್ಲಿನಲ್ಲಿ ನಾಣ್ಯದ ಹೆಸರು, ತೂಕ ಬರೆದು, ನಕಲಿಯಾದರೆ ವಾಪಸ್ ತಗೋತೀನಿ ಅಂತಲೂ ಬರೆದುಕೊಡ್ತಾರೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ವಿದೇಶದಲ್ಲಿರೋ ಅಣ್ಣನಿಗೆ ಕಳಿಸ್ತೀನಿ ಅನ್ನೋ ಹಾಗಿಲ್ಲ. 'ನಿಮ್ಮ ಐದು ರೂಪಾಯಿ ನಾಣ್ಯಕ್ಕೆ ಹತ್ತು ಲಕ್ಷ, ಮೊದಲು ಫೀಸ್ ಕಟ್ಟಿ' ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ಇಂಥವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಕಳೆದ ವರ್ಷ ನನಗೆ ಮಗಳು ಹುಟ್ಟಿದಳು. ನಾಮಕರಣಕ್ಕೆ ಹದಿನೈದು ದಿನ ಇರುವಾಗ ಅದೇ ಹಿರಿಯರ ಹತ್ತಿರ ಒಂದು ಗಿಡ್ಡ ಕಂಠೀರಾಯಿ ಕೊಂಡೆ. ನಾನು ಮಾರಿದ್ದರ ಹಲವು ಪಟ್ಟು ಬೆಲೆ. ಚೌಕಾಸಿ ಮಾಡೋಕೆ ಬಾಯಿ ಬರಲಿಲ್ಲ. ಮೈಸೂರಿಗೆ ತಂದು ಅಮ್ಮನ ಅಂಗೈಯಲ್ಲಿಟ್ಟೆ. ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಇದು ಅದಲ್ಲ."

"ಅಲ್ಲಮ್ಮ. ಅದನ್ನ ಮಾರಿಬಿಟ್ಟೆ. ಆರು ವರ್ಷ ಆಯ್ತು."

ನಾನು ಅದುವರೆಗೂ ಹೇಳಿರಲಿಲ್ಲ. 'ಲಾಕರಿನಲ್ಲಿದೆ' ಅಂತಲೇ ತಳ್ಳುತ್ತಾ ಬಂದಿದ್ದೆ. ಅಮ್ಮ ಏನೂ ಅನ್ನಲಿಲ್ಲ. ಅಡುಗೆಮನೆಗೆ ಹೋಗಿ ಡಬ್ಬಗಳನ್ನು ಸರಿಸುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಜೇನುತುಪ್ಪದ ಬಾಟಲಿ ಹಿಡಿದು ಬಂದವರು, "ಇದನ್ನಾದ್ರೂ ತೊಳೀಬೇಡ, ಬಿಸಿನೀರಲ್ಲಿ ಅದ್ದಿ ತೆಗಿ ಸಾಕು" ಅಂದರು.

ಈಗ ಆ ಹಣ ತಾತನ ಡಬ್ಬಿಯಲ್ಲೇ ಇದೆ. ಜೊತೆಗೆ ಬಿಲ್ಲು, ಎರಡೂ ಬದಿಯ ಫೋಟೋ, ತೂಕ ಬರೆದ ಚೀಟಿ. ಚೀಟಿಯ ಕೆಳಗೆ ಮಗಳಿಗೆ ಅಂತ ಒಂದು ಸಾಲು ಬರೆದಿದ್ದೀನಿ: ಇದು ನಮ್ಮ ಮನೆಯ ಹಳೇ ಹಣ ಅಲ್ಲ, ಅದನ್ನ ನಿಮ್ಮಪ್ಪ ಮಾರಿದ, ಇದನ್ನ ಮಾರಬೇಕು ಅನ್ನಿಸಿದರೆ ಮೊದಲು ಅಜ್ಜಿಗೆ ಒಂದು ಮಾತು ಕೇಳು.